ಮರಕ್ಕೊಂದು ಹುಳಿ: ನಾಪೋಕ್ಲು ಕಡೆಯ ಒಂದು ಕಾಚಂಪುಳಿ ಅಂಗಡಿ

ಒಳ್ಳೆ ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಅಡುಗೆಗೆ ಹಾಕುವ ಕಪ್ಪು ಹುಳಿರಸ, ಎಲ್ಲಿ ಸಿಗುತ್ತದೆ ಅಂತ ಕೇಳುವವರಿಗೆ ಈಗ ನಾನು ಹೇಳುವುದು ಒಂದೇ ಜಾಗ. ನಾಪೋಕ್ಲಿನಿಂದ ಭಾಗಮಂಡಲದ ಕಡೆ ಹೋಗುವ ರಸ್ತೆಯಲ್ಲಿ ಒಂದು ಮನೆ ಇದೆ. ಮುಂದಿನ ಜಗಲಿಯೇ ಅಂಗಡಿ. ಬೋರ್ಡು ಇಲ್ಲ, ಬಿಲ್ಲು ಕೇಳಿದರೆ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಕೊಡುತ್ತಾರೆ. ಮಳೆಗಾಲದಲ್ಲಿ ಕಾಚಂಪುಳಿ, ಉಳಿದ ದಿನ ಕಾಳುಮೆಣಸು, ಏಲಕ್ಕಿ, ಇದ್ದರೆ ಜೇನು. ಕಾಚಂಪುಳಿ ಮಾತ್ರ ಮೂರು ಬಗೆ ಇಟ್ಟಿರುತ್ತಾರೆ. ಬಾಟಲಿಯ ಮೇಲೆ ಬಿಳಿ ಪಟ್ಟಿ ಅಂಟಿಸಿ ಪೆನ್ನಿನಲ್ಲಿ ಬರೆದಿರುತ್ತಾರೆ: ‘ಕೆರೆ ಮರ’, ‘ಗೇಟಿನ ಮರ’, ‘ಕಲೆಸಿದ್ದು’.

ಈ ಪಟ್ಟಿಗೋಸ್ಕರವೇ ನಾನು ಇದನ್ನು ಬರೆಯುತ್ತಿದ್ದೇನೆ. ಪೇಟೆಯ ಸ್ಪೈಸಸ್ ಅಂಗಡಿಗಳಲ್ಲಿ ಸಾಲಾಗಿ ಇಟ್ಟಿರುವ ಕಪ್ಪು ಬಾಟಲಿಗಳೆಲ್ಲ ಒಂದೇ ಬಣ್ಣ, ಒಂದೇ ಗಟ್ಟಿ, ವರ್ಷವಿಡೀ ಒಂದೇ ರುಚಿ. ನೋಡುವವರಿಗೆ ಅದೇ ಗುಣಮಟ್ಟ ಅನಿಸುತ್ತದೆ. ನನಗೆ ಅಲ್ಲೇ ಅನುಮಾನ ಬರುವುದು. ಯಾಕೆಂದರೆ ಕಾಚಂಪುಳಿ ಬರುವುದು ಕಾಡು ಮರದಿಂದ, ಮತ್ತು ಆ ಮರಗಳು ಒಂದರಂತೆ ಇನ್ನೊಂದು ಇರುವುದಿಲ್ಲ.

ಗೊತ್ತಿಲ್ಲದವರಿಗೆ ಮರದ ಬಗ್ಗೆ ಒಂದು ಮಾತು. ನಮ್ಮಲ್ಲಿ ಪಣಪುಳಿ, ಉತ್ತರ ಕನ್ನಡದ ಕಡೆ ಉಪ್ಪಾಗೆ, ಕೇರಳದಲ್ಲಿ ಕುಡಂಪುಳಿ. ಸಸ್ಯಶಾಸ್ತ್ರದ ಹೆಸರು ಗಾರ್ಸಿನಿಯಾ ಗುಮ್ಮಿ-ಗುಟ್ಟಾ. ಹಳೆಯ ಹೆಸರು ಗಾರ್ಸಿನಿಯಾ ಕಾಂಬೋಜಿಯಾ, ತೂಕ ಇಳಿಸಲು ಅಂತ ಮಾರುವ ಮಾತ್ರೆ ಡಬ್ಬಿಗಳ ಮೇಲೆ ಇವತ್ತಿಗೂ ಅದೇ ಇರುತ್ತದೆ. ಪುನರ್ಪುಳಿ ಇದರ ಸಂಬಂಧಿ, ಆದರೆ ಬೇರೆ ಮರ. ಅದರ ಹಣ್ಣು ಕಡುಗೆಂಪು, ಇದರದ್ದು ಹಳದಿ. ಪಶ್ಚಿಮ ಘಟ್ಟದ ನಿತ್ಯಹಸಿರು ಕಾಡಿನಲ್ಲಿ ತಾನಾಗಿ ಬೆಳೆಯುತ್ತದೆ. ಕೊಡಗಿನಲ್ಲಿ ದೇವರಕಾಡುಗಳಲ್ಲಿ, ತೊರೆ ಬದಿಯಲ್ಲಿ, ಕಾಫಿ ತೋಟದ ನೆರಳಿನ ಮರಗಳ ನಡುವೆ ಕಾಣಸಿಗುತ್ತದೆ. ಒಣಗಿಸಿದ ಸಿಪ್ಪೆಯ ಕಷಾಯವನ್ನು ಹೊಟ್ಟೆ ತೊಂದರೆಗೆ, ಸಂಧಿ ನೋವಿಗೆ ಹಿಂದಿನಿಂದಲೂ ಕೊಡುತ್ತಾರೆ. ಉತ್ತರ ಕನ್ನಡ, ಮಲೆನಾಡಿನ ಕಡೆ ಇದರ ಬೀಜದಿಂದ ತುಪ್ಪ ತೆಗೆದು ಅಡುಗೆಗೆ ಬಳಸುತ್ತಾರೆ. ನಮ್ಮಲ್ಲಿ ರಸವೇ ಮುಖ್ಯ.

ಜುಲೈನಲ್ಲಿ ಹೋದರೆ ಅಂಗಡಿಯ ಅಕ್ಕ ಹಣ್ಣನ್ನೇ ಕೈಗೆ ಕೊಡುತ್ತಾರೆ. ಕೆರೆ ಮರದ ಹಣ್ಣು ಚಪ್ಪಟೆ, ಅಂಗೈ ತುಂಬುವಷ್ಟು ದೊಡ್ಡದು, ಸುತ್ತ ಎಂಟು ಸಾಲು, ಸಾಲುಗಳ ನಡುವಿನ ಗೆರೆ ಬೆರಳ ತುದಿ ಇಳಿಯುವಷ್ಟು ಆಳ. ಗೇಟಿನ ಮರದ ಹಣ್ಣು ಅದರ ಅರ್ಧದಷ್ಟೇ. ಸಾಲುಗಳ ನಡುವಿನ ಗೆರೆ ಆಳ ಇಲ್ಲ, ತುದಿಯಲ್ಲಿ ಒಂದು ಮೊನೆ. ಕುಯ್ದರೆ ಎರಡರಲ್ಲೂ ಹಳದಿ ಅಂಟು ಬರುತ್ತದೆ, ಆದರೆ ಗೇಟಿನ ಮರದ್ದು ಚಾಕುವಿಗೆ ಹಿಡಿದರೆ ಬಿಡುವುದಿಲ್ಲ. ಬೀಜದ ಸುತ್ತ ಇರುವ ತಿರುಳು ಕೆರೆ ಮರದಲ್ಲಿ ಸಿಹಿಹುಳಿ, ಮಕ್ಕಳು ಸುಮ್ನೆ ಚೀಪುತ್ತಾರೆ. ಗೇಟಿನ ಮರದ್ದನ್ನು ಬಾಯಿಗೆ ಹಾಕಿದರೆ ಹಲ್ಲು ಜುಮ್ ಅನ್ನುತ್ತದೆ. ಈ ಎರಡು ಮರಗಳ ನಡುವೆ ಒಂದು ಕೂಗಿನಷ್ಟು ದೂರವೂ ಇಲ್ಲ.

ಹೀಗೆ ಯಾಕೆ? ಬೀಜದಿಂದ ಹುಟ್ಟಿದ ಮರಗಳಿವು. ಈ ಜಾತಿಯಲ್ಲಿ ಹೆಚ್ಚಿನಂಶ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹಾಗಾಗಿ ಪ್ರತಿ ಬೀಜಕ್ಕೂ ಎರಡು ಮರಗಳ ಗುಣ ಬೆರೆತಿರುತ್ತದೆ, ತಾಯಿಮರದ ಹಾಗೇ ಮಗಳು ಮರ ಆಗುತ್ತದೆ ಅನ್ನುವ ಖಾತ್ರಿ ಇಲ್ಲ. ಹಣ್ಣಿನ ಆಕಾರದ ವ್ಯತ್ಯಾಸ ಎಷ್ಟಿದೆ ಅಂದರೆ ಸಸ್ಯಶಾಸ್ತ್ರಜ್ಞರು ಇದೇ ಜಾತಿಯೊಳಗೆ ಕೋನಿಕಾರ್ಪ, ಪ್ಯಾಪಿಲ್ಲ ಅಂತ ಪ್ರಭೇದಗಳನ್ನೇ ಗುರುತಿಸಿದ್ದಾರೆ. ಎರಡನೆಯದರ ಹಣ್ಣಿಗೆ ತುದಿಯಲ್ಲಿ ಮೊಲೆತೊಟ್ಟಿನ ಹಾಗೆ ಮೊನೆ ಇರುತ್ತದೆ. ಗೇಟಿನ ಮರ ಅದೇ ಅಂತ ನಾನು ಹೇಳುತ್ತಿಲ್ಲ. ಮೊನೆ ಇದ್ದ ಮಾತ್ರಕ್ಕೆ ಪ್ರಭೇದ ತೀರ್ಮಾನ ಆಗುವುದಿಲ್ಲ.

ಆದರೆ ಎಲ್ಲವನ್ನೂ ಬೀಜದ ಮೇಲೆ ಹಾಕಲೂ ಆಗುವುದಿಲ್ಲ, ಅಲ್ವಾ? ಒಂದು ಮರ ಕೆರೆ ಪಕ್ಕ, ಬೇಸಿಗೆಯಲ್ಲೂ ಬೇರಿಗೆ ನೀರು. ಇನ್ನೊಂದು ರಸ್ತೆ ಬದಿಯ ಗಟ್ಟಿ ಮಣ್ಣಿನಲ್ಲಿ, ಮೈಯೆಲ್ಲ ಬಿಸಿಲು. ಮಣ್ಣು, ನೀರು, ಬಿಸಿಲಿನಿಂದಲೂ ಹಣ್ಣು ಬದಲಾಗುತ್ತದೆ. ಭಾಗಮಂಡಲದಲ್ಲಿ ಸುರಿಯುವ ಮಳೆ ಕುಶಾಲನಗರದ ಮಳೆಗಿಂತ ಎಷ್ಟೋ ಪಟ್ಟು ಜಾಸ್ತಿ, ಒಂದೇ ಜಿಲ್ಲೆಯಲ್ಲಿ. ಯಾವ ಗುಣ ಹುಟ್ಟಿನಿಂದ ಬಂದದ್ದು, ಯಾವುದು ಜಾಗದಿಂದ ಬಂದದ್ದು ಅಂತ ತಿಳಿಯಬೇಕಾದರೆ ಇರುವ ನೇರ ದಾರಿ, ಬೇರೆ ಬೇರೆ ಮರಗಳ ಕಸಿ ಗಿಡಗಳನ್ನು ಒಂದೇ ನೆಲದಲ್ಲಿ ಬೆಳೆಸಿ ನೋಡುವುದು. ಸಂಶೋಧನಾ ಕೇಂದ್ರಗಳಲ್ಲಿ ಮಾಡುವುದು ಇದನ್ನೇ. ಕೇರಳ ಕೃಷಿ ವಿಶ್ವವಿದ್ಯಾಲಯ ಹೀಗೆ ಆರಿಸಿ ಅಮೃತಂ, ಹರಿತಂ ಅನ್ನುವ ಎರಡು ತಳಿಗಳನ್ನು ಬಿಡುಗಡೆ ಮಾಡಿದೆ.

ಈ ಮನೆಯವರು ಗೊತ್ತಿಲ್ಲದೆಯೇ ಅದರ ಒಂದು ಸಣ್ಣ ಪ್ರಯೋಗ ಮಾಡಿಬಿಟ್ಟಿದ್ದಾರೆ. ಅಕ್ಕನ ಮಾವ ಎಷ್ಟೋ ವರ್ಷದ ಹಿಂದೆ ಕೆರೆ ಮರದಿಂದ ಕಡ್ಡಿ ತೆಗೆದು ಕಸಿ ಕಟ್ಟಿ, ಮೇಲಿನ ದಿಣ್ಣೆಯಲ್ಲಿ ನೆಟ್ಟಿದ್ದರಂತೆ. ಈಗ ಅದು ಕಾಯಿ ಬಿಡುತ್ತಿದೆ. ನಾನು ಹೋಗಿ ನೋಡಿದೆ. ಹಣ್ಣು ಅದೇ ಚಪ್ಪಟೆ, ಅದೇ ಎಂಟು ಸಾಲು, ಅದೇ ಆಳದ ಗೆರೆ. ಆದರೆ ಗಾತ್ರ ಚಿಕ್ಕದು, ರಸ ಕಡಿಮೆ. “ಆಕಾರ ತಾಯಿದು, ಹೊಟ್ಟೆ ಮಾತ್ರ ದಿಣ್ಣೆದು” ಅಂದರು ಮಾವ. ಒಂದೇ ಗಿಡ ನೋಡಿ ಶಾಸ್ತ್ರ ಹೇಳಲಾಗದು, ನಿಜ. ಆದರೂ ಕಣ್ಣೆದುರಿಗೆ ಅಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ.

ಈಗ ಬಾಟಲಿಗೆ ಬರೋಣ. ಇವರ ವಿಧಾನ ಹಳೆಯದೇ. ಮರದಿಂದ ಕಿತ್ತ ಹಣ್ಣಲ್ಲ, ಚೆನ್ನಾಗಿ ಹಣ್ಣಾಗಿ ಬಿದ್ದದ್ದನ್ನು ಆರಿಸುತ್ತಾರೆ. ಬಿದಿರಿನ ಬುಟ್ಟಿಗೆ ತುಂಬಿ ಕೆಳಗೆ ಪಾತ್ರೆ ಇಡುತ್ತಾರೆ. ಹಣ್ಣು ಮೆತ್ತಗಾಗಿ ಕೊಳೆಯುತ್ತಾ ರಸ ತೊಟ್ಟಿಕ್ಕಲು ಕೆಲವು ದಿನ ಬೇಕು. ಆ ವಾಸನೆ ಜಗಲಿ ದಾಟಿ ರಸ್ತೆಗೂ ಬರುತ್ತದೆ. ಅಭ್ಯಾಸ ಇಲ್ಲದವರಿಗೆ ಕಷ್ಟವೇ. ಸೋಸಿದ ರಸವನ್ನು ಸೌದೆ ಒಲೆಯ ಮೇಲೆ ಮಣ್ಣಿನ ಮಡಕೆಯಲ್ಲಿ ಕಾಯಿಸಿ ಕಾಯಿಸಿ ಕಪ್ಪಗೆ ಮಾಡುತ್ತಾರೆ. ಅಲ್ಯುಮಿನಿಯಂ ಪಾತ್ರೆ ಹತ್ತಿರಕ್ಕೂ ತರುವುದಿಲ್ಲ. ಇಷ್ಟು ಹುಳಿ ಅದನ್ನು ತಿಂದುಹಾಕುತ್ತದೆ, ಲೋಹ ರಸಕ್ಕೆ ಇಳಿಯುತ್ತದೆ. ಮರದ ಪ್ರಕಾರ ಬುಟ್ಟಿ ಬೇರೆ, ಮಡಕೆ ಬೇರೆ. ಹಣ್ಣು ಸಾಲದೆ ಉಳಿದ ಮರಗಳದ್ದೆಲ್ಲ ಸೇರಿ ‘ಕಲೆಸಿದ್ದು’ ಆಗುತ್ತದೆ.

ಈ ಹುಳಿ ಯಾವುದು ಅನ್ನುವುದಕ್ಕೂ ಒಂದು ಕಥೆ ಇದೆ, ಅದು ನಡೆದದ್ದು ಇಲ್ಲೇ ಪಕ್ಕದ ಮೈಸೂರಿನಲ್ಲಿ. ಮೊದಲೆಲ್ಲ ಇದರಲ್ಲಿರುವುದು ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲವೋ, ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವೋ ಅಂತ ತಿಳಿದಿದ್ದರು. 1965ರಲ್ಲಿ ಅಲ್ಲಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್ ಅವರು ಈ ಹಣ್ಣಿನ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿಕೊಟ್ಟರು. ಒಣಗಿದ ಸಿಪ್ಪೆಯ ತೂಕದಲ್ಲಿ ಇದು ಶೇಕಡಾ 10ರಿಂದ 30ರವರೆಗೆ ಇರುತ್ತದೆ ಎಂದು ಬರೆಯುತ್ತಾರೆ. ಹತ್ತಕ್ಕೂ ಮೂವತ್ತಕ್ಕೂ ಮೂರು ಪಟ್ಟು ವ್ಯತ್ಯಾಸ! ಮರ, ಜಾಗ, ಹಣ್ಣು ಎಷ್ಟು ಮಾಗಿದೆ, ಹೇಗೆ ಒಣಗಿಸಿದರು, ಎಲ್ಲ ಸೇರಿದಾಗ ಅಷ್ಟು ಅಂತರ ಬರುತ್ತದೆ. ಕಾಯಿಸಿದಾಗ ಈ ಆಮ್ಲ ಆವಿಯಾಗಿ ಹೋಗುವುದಿಲ್ಲ. ನೀರು ಹೋಗುತ್ತದೆ, ಆಮ್ಲ ಉಳಿಯುತ್ತದೆ, ಸ್ವಲ್ಪ ಭಾಗ ಲ್ಯಾಕ್ಟೋನ್ ಅನ್ನುವ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಕಪ್ಪು ಬಣ್ಣ ಬರುವುದು ಹೆಚ್ಚಾಗಿ ರಸದ ಸಕ್ಕರೆ ಕಂದುವುದರಿಂದ. ಅಂದರೆ ಕಪ್ಪಗಿದೆ ಅನ್ನುವುದಕ್ಕೂ ಹುಳಿ ಇದೆ ಅನ್ನುವುದಕ್ಕೂ ನೇರ ಸಂಬಂಧ ಇಲ್ಲ. ಇದು ಕಾಚಂಪುಳಿ ಕೊಳ್ಳುವವರು ತಿಳಿದಿರಲೇಬೇಕಾದ ವಿಷಯ.

ನಾನು ಮನೆಯಲ್ಲಿ ಪರೀಕ್ಷೆ ಮಾಡಿದ್ದು ಹೀಗೆ. ಒಂದು ಲೋಟ ನೀರಿಗೆ ಐದು ಹನಿ ಕಾಚಂಪುಳಿ. ಅದಕ್ಕೆ ಸುಣ್ಣದ ತಿಳಿನೀರನ್ನು ಚಮಚ ಚಮಚವಾಗಿ ಹಾಕುತ್ತಾ, ಪ್ರತಿ ಸಲ ಅರಿಶಿನ ಹಚ್ಚಿ ಒಣಗಿಸಿದ ಬಿಳಿ ಕಾಗದದ ಮೇಲೆ ಒಂದು ತೊಟ್ಟು ಬಿಡುವುದು. ಹುಳಿ ಇರುವ ತನಕ ಕಾಗದ ಹಳದಿಯಾಗೇ ಇರುತ್ತದೆ. ಹುಳಿ ಮುಗಿದು ಸುಣ್ಣ ಮೇಲುಗೈ ಆದ ಕೂಡಲೇ ಕೆಂಪಗಾಗುತ್ತದೆ. ಯಾವುದಕ್ಕೆ ಜಾಸ್ತಿ ಸುಣ್ಣದ ನೀರು ಬೇಕೋ ಅದರಲ್ಲಿ ಜಾಸ್ತಿ ಹುಳಿ. ಒಟ್ಟು ಆಮ್ಲವನ್ನಷ್ಟೇ ಇದು ಹೇಳುತ್ತದೆ, ಯಾವ ಆಮ್ಲ ಅಂತ ಹೇಳುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. ಮಕ್ಕಳ ಜೊತೆ ಮಾಡಿ, ಚೆನ್ನಾಗಿರುತ್ತದೆ, ಆದರೆ ಸುಣ್ಣದ ನೀರು ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ.

ನೋಡುವುದಕ್ಕೆ ಕೆರೆ ಮರದ್ದೇ ರಾಜ. ಕಡುಗಪ್ಪು, ಗಟ್ಟಿ, ಚಮಚದಿಂದ ನಿಧಾನವಾಗಿ ಇಳಿಯುತ್ತದೆ. ಗೇಟಿನ ಮರದ್ದು ಕಪ್ಪು ಮಿಶ್ರಿತ ಕಂದು, ತೆಳ್ಳಗೆ. ಪೇಟೆಯಲ್ಲಿ ಯಾರೂ ಅದನ್ನು ಎತ್ತಿಕೊಳ್ಳುವುದಿಲ್ಲ. ಆದರೆ ಸುಣ್ಣದ ನೀರು ಹೆಚ್ಚು ಕುಡಿದದ್ದು ಗೇಟಿನ ಮರದ್ದೇ, ಕೆರೆ ಮರಕ್ಕಿಂತ ಎರಡು ಚಮಚ ಜಾಸ್ತಿ. ‘ಕಲೆಸಿದ್ದು’ ನಡುವೆ ನಿಂತಿತು. ಈ ಫಲಿತಾಂಶ ಅಕ್ಕನಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ಅದಕ್ಕೇ ಅಲ್ವಾ ಬೇರೆ ಬೇರೆ ಇಡುವುದು? ಗೇಟಿನ ಮರದ್ದು ಹುಳಿ ಉಂಟು, ಆದ್ರೆ ದಪ್ಪ ಬರುವುದಿಲ್ಲ. ಎಷ್ಟು ಕಾಯಿಸಿದ್ರೂ ಹಾಗೇ.”

“ಗಿರಾಕಿಗಳು ಬೇಡ ಅನ್ನುವುದಿಲ್ವಾ ಅಕ್ಕ?”

“ಅಂತಾರೆ. ಬೆಲ್ಲ ಹಾಕಿದ್ರೆ ದಪ್ಪ ಆಗ್ತದೆ ಅಂತ ನನಗೂ ಗೊತ್ತು. ಹಾಕುವುದಿಲ್ಲ.”

ಅಡುಗೆಯಲ್ಲಿ ಎರಡೂ ಬೇರೆ ಕೆಲಸಕ್ಕೆ. ಪಂದಿ ಕರಿಗೆ ಕೆರೆ ಮರದ್ದು ಹೇಳಿ ಮಾಡಿಸಿದ ಹಾಗಿದೆ. ಹುರಿದ ಮಸಾಲೆಯ ಕಪ್ಪಿಗೆ ಅದರ ಕಪ್ಪು ಸೇರಿ, ಕೊನೆಯಲ್ಲಿ ಹಾಕಿದ ಮೇಲೆ ಕೊಬ್ಬಿಗೆ ಅಂಟಿಕೊಂಡು ಒಂದು ಹೊಳಪು ಬರುತ್ತದೆ, ಹುಳಿಯ ಹಿಂದೆಯೇ ಸಣ್ಣ ಸಿಹಿ, ಸೌದೆ ಹೊಗೆಯ ಪರಿಮಳ. ಮಾರನೇ ದಿನ ಇನ್ನೂ ಚೆನ್ನಾಗಿರುತ್ತದೆ. ಗೇಟಿನ ಮರದ್ದನ್ನು ಅದೇ ಅಳತೆಯಲ್ಲಿ ಹಾಕಬಾರದು, ಕರಿ ಹುಳಿ ಹೊಡೆಯುತ್ತದೆ. ಅದು ಮೀನಿಗೆ ಸರಿ. ಹೊಳೆ ಮೀನಿನ ಸಾರಿಗೆ ಅರ್ಧ ಚಮಚ ಸಾಕು, ಬಣ್ಣ ಕೆಡುವುದಿಲ್ಲ, ಮೀನಿನ ವಾಸನೆ ನಿಲ್ಲುವುದಿಲ್ಲ. ಮಳೆಗಾಲದ ಅಣಬೆ ಸಾರಿಗೂ ನಾನು ಅದನ್ನೇ ಹಾಕುತ್ತೇನೆ. ‘ಕಲೆಸಿದ್ದು’ ಪರವಾಗಿಲ್ಲ, ದಿನದ ಅಡುಗೆಗೆ ಆಗುತ್ತದೆ. ದುಡ್ಡು ಕೊಟ್ಟು ದೂರದಿಂದ ಬರುವವರು ಅದಕ್ಕೋಸ್ಕರ ಬರಬೇಕಾಗಿಲ್ಲ.

ಹೋಲಿಕೆಗೆ ಅಂತ ಪೇಟೆಯ ಒಂದು ಅಂಗಡಿಯ ಬಾಟಲಿಯನ್ನೂ ತಂದಿದ್ದೆ. ಹೆಸರು ಬೇಡ. ನೋಡಲು ಕೆರೆ ಮರಕ್ಕಿಂತಲೂ ಕಪ್ಪು. ಬಿಸಿ ಮಾಡಿದರೆ ಮೂಗಿಗೆ ಚುಚ್ಚುವ ವಿನೆಗರ್ ವಾಸನೆ. ಪಣಪುಳಿಯ ಆಮ್ಲ ಹಾಗೆ ಆವಿಯಾಗಿ ಮೂಗಿಗೆ ಬರುವಂಥದ್ದಲ್ಲ. ರಸ ತೊಟ್ಟಿಕ್ಕುವಾಗ ಸ್ವಲ್ಪ ಹುಳಿತು ವಿನೆಗರ್ ಆಗಿದ್ದರೂ ಗಂಟೆಗಟ್ಟಲೆ ಕುದಿಸುವಾಗ ಅದರಲ್ಲಿ ಹೆಚ್ಚಿನದು ಹೊರಟುಹೋಗುತ್ತದೆ. ಬಿಳಿ ತಟ್ಟೆಯಲ್ಲಿ ನೀರು ಹಾಕಿ ಒಂದು ಹನಿ ಬಿಟ್ಟರೆ ಕೆರೆ ಮರದ್ದು ಕಂದು ಹೊಗೆಯ ಹಾಗೆ ಹರಡಿ ಕರಗಿತು. ಪೇಟೆಯದ್ದು ಕರಗಿದ ಮೇಲೆ ತಳದಲ್ಲಿ ಸಣ್ಣ ನಾರು ಉಳಿಯಿತು, ಹುಣಸೆಯದ್ದೇ ಇರಬೇಕು. ನನಗೆ ಸಿಟ್ಟು ಬರುವುದು ಬೆರಕೆ ಮಾಡುವವರ ಮೇಲೆ ಮಾತ್ರ ಅಲ್ಲ. ‘ಹೋದ ಸಲದ್ದು ಗಟ್ಟಿ ಇತ್ತು, ಈ ಸಲ ತೆಳ್ಳಗಿದೆ, ಮೋಸ’ ಅಂತ ಬಾಟಲಿ ವಾಪಸ್ ಮಾಡುವ ಗಿರಾಕಿಗಳ ಮೇಲೂ ಬರುತ್ತದೆ. ಕಾಡು ಮರದ ರಸ ವರ್ಷ ವರ್ಷಕ್ಕೆ ಬದಲಾಗದೆ ಇರಬೇಕು ಅಂದರೆ ಅದನ್ನು ಬದಲಾಗದ ಹಾಗೆ ಯಾರಾದರೂ ಏನಾದರೂ ಹಾಕಲೇಬೇಕು.

ಇನ್ನೊಂದು ವಿಷಯಕ್ಕೆ ಈ ಅಂಗಡಿಗೆ ಪೂರ್ತಿ ಅಂಕ. ಎಲ್ಲೂ ‘ತೂಕ ಇಳಿಸುತ್ತದೆ’ ಅಂತ ಬರೆದಿಲ್ಲ. 1990ರ ದಶಕದಲ್ಲಿ ಪಣಪುಳಿಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಮಾತ್ರೆಗಳು ತೂಕ ಇಳಿಸುತ್ತವೆ ಅಂತ ಅಮೆರಿಕದಲ್ಲಿ ಜೋರಾಗಿ ಮಾರಾಟವಾದವು. 1998ರಲ್ಲಿ ಜಾಮಾ ಅನ್ನುವ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪರೀಕ್ಷೆಯಲ್ಲಿ 135 ಜನರನ್ನು ಎರಡು ಗುಂಪು ಮಾಡಿ, 12 ವಾರ ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಆಮ್ಲ, ಇನ್ನೊಂದಕ್ಕೆ ಬರೀ ಖಾಲಿ ಮಾತ್ರೆ ಕೊಟ್ಟರು. ತೂಕ ಇಳಿದದ್ದರಲ್ಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಇಂಥ ಮಾತ್ರೆ ತಿಂದು ಲಿವರ್ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕರಿಗೆ ಒಂದು ಚಮಚ ಹಾಕುವುದು ಬೇರೆ, ಸಾರ ತೆಗೆದು ದಿನಾ ನುಂಗುವುದು ಬೇರೆ. ಬೆಂಗಳೂರಿನಿಂದ ಬಂದ ಒಬ್ಬರು ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯಬಹುದಾ ಅಂತ ಕೇಳಿದಾಗ ಅಕ್ಕ “ಬೇಡ, ಇದು ಅಡುಗೆದು” ಅಂತ ನೇರವಾಗಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಒಂದು ಬಾಟಲಿ ಕಡಿಮೆ ಮಾರಾಟವಾಯಿತು.

ಕುಂದುಗಳೂ ಇವೆ. ಪಟ್ಟಿಯಲ್ಲಿ ಮರದ ಹೆಸರಿದೆ, ವರ್ಷ ಇಲ್ಲ. ಕಾಚಂಪುಳಿ ವರ್ಷಗಟ್ಟಲೆ ಇರುತ್ತದೆ, ನಿಜ, ಆದರೆ ಈ ವರ್ಷದ್ದೋ ಹಿಂದಿನದೋ ಗೊತ್ತಾಗಬೇಕು, ಅದರಲ್ಲೂ ವರ್ಷದಿಂದ ವರ್ಷಕ್ಕೆ ರುಚಿ ಬೇರೆಯಾಗುವಾಗ. ಮುಚ್ಚಳ ತಗಡಿನದು, ಹುಳಿ ತಾಗಿ ಒಳಗೆ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಮುಚ್ಚಳಕ್ಕೆ ಬದಲಾಯಿಸಿ ಅಂತ ಹೇಳಿ ಬಂದಿದ್ದೇನೆ. ಕೊರಿಯರ್ ಮಾಡುವುದಿಲ್ಲ. ಬೆಲೆ ಪೇಟೆಗಿಂತ ಒಂದೂವರೆ ಪಟ್ಟು. ಬುಟ್ಟಿ ತುಂಬಾ ಹಣ್ಣು ಇಳಿದು ಕೊನೆಗೆ ಒಂದು ಬಾಟಲಿ ಆಗುವುದನ್ನು ನೋಡಿದವರು ಬೆಲೆಯ ಬಗ್ಗೆ ಮಾತಾಡುವುದಿಲ್ಲ. ಕಾಯಿ ಕಡಿಮೆ ಬಿಟ್ಟ ವರ್ಷ ‘ಗೇಟಿನ ಮರ’ ಸಿಗುವುದೇ ಇಲ್ಲ, ಎಲ್ಲ ‘ಕಲೆಸಿದ್ದಕ್ಕೆ’ ಹೋಗುತ್ತದೆ.

ಗಿಡಗಳನ್ನೂ ಮಾರುತ್ತಾರೆ, ಅದರ ಬಗ್ಗೆ ಎಚ್ಚರಿಕೆಯಿಂದ ಕೇಳಿ ಕೊಳ್ಳಿ. ಬೀಜದ ಗಿಡ ಅಗ್ಗ. ಆದರೆ ಅದು ಗಂಡೋ ಹೆಣ್ಣೋ ಹೂ ಬಿಡುವ ತನಕ ಗೊತ್ತಾಗುವುದಿಲ್ಲ, ಅದಕ್ಕೆ ಹತ್ತು ವರ್ಷದ ಹತ್ತಿರ ಕಾಯಬೇಕು. ಬೀಜ ಮೊಳೆಯುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಹೆಣ್ಣು ಮರದ ಕಸಿ ಗಿಡ 3–4 ವರ್ಷಕ್ಕೇ ಕಾಯಿ ತೋರಿಸುತ್ತದೆ, ಹಣ್ಣು ತಾಯಿಮರದ್ದೇ. ಕಸಿ ಗಿಡ ಕೊಳ್ಳುವಾಗ ಕಡ್ಡಿ ನೆಟ್ಟಗೆ ಮೇಲೆ ಹೋಗುವ ಚಿಗುರಿನದ್ದಾ ಅಥವಾ ಅಡ್ಡ ಕೊಂಬೆಯದ್ದಾ ಅಂತ ಕೇಳಿ. ಅಡ್ಡ ಕೊಂಬೆಯದ್ದಾದರೆ ಗಿಡ ಮೇಲೇಳದೆ ಅಗಲಕ್ಕೆ ಹರಡುತ್ತದೆ. ನಿಮ್ಮ ತೋಟದಲ್ಲಿ ಕಾಯಿ ಬಿಡದ ಪಣಪುಳಿ ಇದ್ದರೆ ದಯವಿಟ್ಟು ಕಡಿಯಬೇಡಿ, ಅದು ಗಂಡು ಮರ ಇರಬಹುದು, ಸುತ್ತಲಿನ ಹೆಣ್ಣು ಮರಗಳಿಗೆ ಪರಾಗ ಬರಬೇಕಾದದ್ದು ಅಂಥ ಮರದಿಂದಲೇ. ಎಲ್ಲರೂ ಒಂದೇ ಒಳ್ಳೆ ಮರದ ಕಸಿ ನೆಟ್ಟು ಉಳಿದದ್ದನ್ನು ತೆಗೆದರೆ ಗೇಟಿನ ಮರದಂಥ ಹುಳಿ ಮುಂದೆ ಎಲ್ಲೂ ಹುಟ್ಟುವುದಿಲ್ಲ ಅನ್ನುವ ಚಿಂತೆ ನನಗಿದೆ. ಅದಕ್ಕೇ ನಾನು ಒಂದು ಕಸಿ ಗಿಡ, ಜೊತೆಗೆ ಎರಡು ಬೀಜದ ಗಿಡ ತಂದು ನೆಟ್ಟಿದ್ದೇನೆ.

ಹೋಗುವುದಾದರೆ ಆಗಸ್ಟ್ ಕೊನೆಯಲ್ಲಿ ಹೋಗಿ, ಹೊಸ ರಸ ಕಾಯಿಸಿ ಮುಗಿದಿರುತ್ತದೆ, ಮೂರೂ ಬಗೆ ಸಿಗುತ್ತದೆ. ನಾಪೋಕ್ಲು ದಾಟಿದ ಮೇಲೆ ಜೋರು ಮಳೆಯಿದ್ದರೆ ರಸ್ತೆಯ ಮೇಲೆ ನೀರು ಬರುತ್ತದೆ, ಮೊದಲೇ ವಿಚಾರಿಸಿಕೊಳ್ಳಿ. ಗಾಜಿನ ಬಾಟಲಿ ಮನೆಯಿಂದಲೇ ಒಯ್ದರೆ ಸ್ವಲ್ಪ ಕಡಿಮೆ ತೆಗೆದುಕೊಳ್ಳುತ್ತಾರೆ, ಆದರೆ ಬಾಟಲಿ ಪೂರ್ತಿ ಒಣಗಿರಬೇಕು. ಮತ್ತೆ ಚಮಚದಲ್ಲಿ ರುಚಿ ನೋಡಲು ಕೇಳಿ, ಅವರೇ ಕೊಡುತ್ತಾರೆ.